ಮಿಸೂಕ್ ಕೇಳುತ್ತಿದ್ದ ಪ್ರಶ್ನೆಗಳು

ಮೊದಲ ದಿನ ಟೀಚರು ಎಲ್ಲರಿಗೂ ಹೆಸರು, ಊರು, ಭಾಷೆ ಹೇಳಲು ಹಚ್ಚಿದರು. ವಾಣಿಶ್ರೀ ಎದ್ದು ನಿಂತು "ಕನ್ನಡ" ಎಂದದ್ದು ಅವರಿಗೆ "ಕೆನಡಾ" ಎಂದು ಕೇಳಿಸಿ, ಕ್ಲಾಸಿನಲ್ಲಿ ನಗೆ ಎದ್ದಿತು. ನಗದೆ ಇದ್ದವಳು ಒಬ್ಬಳೇ, ಕಿಟಕಿಯ ಬಳಿ ಕೂತಿದ್ದ, ಐವತ್ತು ದಾಟಿದ ಕೊರಿಯಾದ ಹೆಂಗಸು. ಅವಳು ಕೋಟು, ಚೀಲ ಎತ್ತಿಕೊಂಡು ಬಂದು ವಾಣಿಶ್ರೀಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಹೆಸರು ಮಿಸೂಕ್. ಹಿಂದೆಯೇ ಅವಳ ತಂಗಿಯ ಮಗಳು ಹ್ಯೇಜಿನ್ ಬಂದು ಇನ್ನೊಂದು ಪಕ್ಕ ಹಿಡಿದಳು.

ಅದು ೨೦೧೪ರ ಚಳಿಗಾಲ. ಬಾಗಲಕೋಟೆಯಿಂದ ಅಮೆರಿಕಕ್ಕೆ ಬಂದು ಡಾಲಸ್ ಬಳಿಯ ಮೆಕಿನ್ನಿಯಲ್ಲಿ ಸಂಸಾರ ಹೂಡಿ ವರ್ಷ ತುಂಬುತ್ತ ಬಂದಿದ್ದರೂ ವಾಣಿಶ್ರೀಗೆ ಇಲ್ಲಿಯ ಇಂಗ್ಲಿಷ್ ಕೈಗೆ ಸಿಕ್ಕಿರಲಿಲ್ಲ. ಗಂಡ ಶ್ರೀಶೈಲ್ ಪ್ಲೇನೋದ ಆಫೀಸಿಗೆ ಹೋಗುವಾಗ ಅವಳನ್ನು ಈ ಇಂಗ್ಲಿಷ್ ಕ್ಲಾಸಿಗೆ ಬಿಟ್ಟು ಹೋಗುತ್ತಿದ್ದ.

ಮಿಸೂಕಳದೂ ಹರಕು ಇಂಗ್ಲಿಷೇ. ಆದರೆ ಪ್ರಶ್ನೆಗಳಿಗೆ ಬರವಿರಲಿಲ್ಲ. "ನಿನ್ನ ಅತ್ತೆ, ಒಳ್ಳೆಯವಳು?" "ನೀವು, ದೇವರ ಮುಂದೆ, ಏನು ಕೇಳೋದು?" "ಗಂಡ ಹೊಡೆಯೋದು, ಇಲ್ಲ?" ವಾಣಿಶ್ರೀ ಡಬ್ಬಿ ಬಿಚ್ಚಿದರೆ ರೊಟ್ಟಿಯನ್ನು ತಿರುವಿ ತಿರುವಿ ನೋಡುವಳು, ಶೇಂಗಾ ಹಿಂಡಿಯ ಫೋಟೋ ತೆಗೆಯುವಳು. ಆಮೇಲೆ ತಾನೇ ಹಣ್ಣು ಹೆಚ್ಚಿ ತಂದು ಮುಂದಿಡುವಳು.

"ಪುಕ್ಕಟೆ ಕೊಡೋ ಮಂದೀನ ನಂಬಬ್ಯಾಡ," ಎಂದ ಶ್ರೀಶೈಲ್. "ಇವತ್ತು ಹಣ್ಣು ಕೊಡ್ತಾರ, ನಾಳೆ ಚರ್ಚಿಗೆ ಬಾ ಅಂತಾರ."

ಒಂದು ದಿನ ಬಿಡುವಿನಲ್ಲಿ ವಾಣಿಶ್ರೀ ತಾಯಿಗೆ ಫೋನ್ ಮಾಡಿದಳು. "ಎರಡೂ ಕಡೆ ಪೊಲೀಸರಂಗ ಕುಂದರತಾರ ನೋಡವಾ," ಎಂದು ಅವರೆದುರಿಗೇ ಆಡಿಕೊಂಡಳು. ಫೋನ್ ಇಟ್ಟು ತಿರುಗಿದರೆ ಮಿಸೂಕ್ ಹ್ಯೇಜಿನ್‌ಗೆ ಪಿಸುಗುಡುತ್ತಿದ್ದಳು. ಆ ಮಾತಿನ ನಡುವೆ "ಅಪ್ಪಾ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. "ನಾ" ಎಂದದ್ದೂ. ತಾನು ಆಡಿಕೊಂಡದ್ದು ಇವರಿಗೆ ತಿಳಿದುಬಿಟ್ಟಿತೇ?

"ನಿಮಗ ಕನ್ನಡ ಬರತೈತೇನು?" ಎಂದು ಕನ್ನಡದಲ್ಲೇ ಕೇಳಿಬಿಟ್ಟಳು.

ಮಿಸೂಕ್ ಗಲಿಬಿಲಿಗೊಂಡಳು. "ಕನ್ನಡ," ಎಂದಳು, ಟೀಚರಿಗೂ ಬಾರದ ಆ 'ಡ'ವನ್ನು ಸರಿಯಾಗಿ ಉಚ್ಚರಿಸುತ್ತ. "ಕೆನಡಾ ಅಲ್ಲ. ಕನ್ನಡ. ನಂಗೆ ಗೊತ್ತು." ಹೇಗೆ ಗೊತ್ತು ಎಂದು ಮಾತ್ರ ಬಾಯಿಬಿಡಲಿಲ್ಲ.

ಆ ದಿನದಿಂದ ವಾಣಿಶ್ರೀ ಅವರೆದುರಿಗೆ ಫೋನ್ ಮುಟ್ಟಲಿಲ್ಲ. ಕುರ್ಚಿ ಬದಲಿಸಿದಳು; ಅವರೂ ಬದಲಿಸಿದರು. ಕ್ಲಾಸನ್ನೇ ಬಿಟ್ಟುಬಿಡಲೇನೋ ಎಂದು ಯೋಚಿಸುತ್ತಿದ್ದಾಗ, ಒಂದು ಮಧ್ಯಾಹ್ನ ಪಾರ್ಕಿಂಗ್ ಲಾಟಿನಲ್ಲಿ ಇಬ್ಬರೂ ಅಡ್ಡ ನಿಂತರು.

"ಶನಿವಾರ," ಎಂದಳು ಮಿಸೂಕ್, "ಹ್ಯೂಸ್ಟನ್. ನೀನು, ನಾವು. ಪ್ಲೀಸ್."

"ಯಾಕೆ?"

ಮಿಸೂಕಳ ಕಣ್ಣು ತುಂಬಿದವು. ಹ್ಯೇಜಿನ್ ಫೋನಿನಲ್ಲೊಂದು ಫೋಟೋ ತೋರಿಸಿದಳು: ಕೊರಿಯಾದ ಹುಡುಗ, ಅವನ ಪಕ್ಕದಲ್ಲಿ ಹಣೆಗೆ ವಿಭೂತಿ ಇಟ್ಟ ಹುಡುಗಿ. ಹುಡುಗ ಮಿಸೂಕಳ ಮಗ. ಹುಡುಗಿ ವೈಷ್ಣವಿ, ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್‌ನಲ್ಲಿ ಸೀರೆ ಅಂಗಡಿ ನಡೆಸುವ ವಿಜಯಪುರದ ಮನೆತನದವಳು. ಮದುವೆಯಾಗಿ ಆಸ್ಟಿನ್‌ಗೆ ಶಿಫ್ಟ್ ಆಗುವವರಿದ್ದರು. 'ಕನ್ನಡ' ಎಂಬ ಮಾತನ್ನು ಮಿಸೂಕ್ ಕಲಿತದ್ದು ಅವಳಿಂದಲೇ; 'ಅಪ್ಪಾ', 'ನಾ' ಮಾತ್ರ ಕೊರಿಯಾದ ಭಾಷೆಯಲ್ಲೂ ಇರುವ ಮಾತುಗಳಂತೆ.

"ಮಗ ಹೇಳ್ತಾನೆ, ಎಲ್ಲಾ ಚೆನ್ನ. ಹುಡುಗಿ ಹೇಳ್ತಾಳೆ, ಎಲ್ಲಾ ಚೆನ್ನ," ಎಂದಳು ಮಿಸೂಕ್. "ಹುಡುಗಿ ಅಜ್ಜಿ ಮುಖ, ಚೆನ್ನ ಇಲ್ಲ. ಮಕ್ಕಳು ಸಕ್ಕರೆ ಹಾಕಿ ಹೇಳ್ತಾರೆ. ನಂಗೆ ನಿಜ ಬೇಕು."

ವಾಣಿಶ್ರೀಗೆ ಸಿಟ್ಟೇ ಬಂತು. ಇಷ್ಟು ದಿನ ತನ್ನ ರೊಟ್ಟಿ, ಅತ್ತೆ, ಗಂಡ ಎಲ್ಲವನ್ನೂ ಇವಳು ತನ್ನ ಮುಂದಿನ ಬೀಗರ ಮಾದರಿಯೆಂದು ಪರೀಕ್ಷಿಸುತ್ತಿದ್ದಳಲ್ಲ! ಆದರೂ ಮನೆಗೆ ಬಂದು ಗಂಡನಿಗೆ ಹೇಳಿದ್ದು ಬೇರೆ: "ನಾ ಹ್ಯೂಸ್ಟನ್‌ಗೆ ಹೋಗಾಕಿ. ಆ ತಾಯಿ ಮನಸಿಗೆ ಸಮಾಧಾನ ಆಗಬೇಕು."

ಸೀರೆ ಅಂಗಡಿಯ ಗಾದಿಯ ಮೇಲೆ ಅಜ್ಜಿ ನಿಂಗವ್ವ ಸೆಟೆದು ಕೂತಿದ್ದಳು. ವಾಣಿಶ್ರೀ ಕನ್ನಡ ಮಾತಾಡಿದ್ದೇ ತಡ, ಅವಳ ಕೈ ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡಳು. "ನೀ ಯಾರ ಪೈಕಿ? ಅವರ ಕಡೆಯಾಕಿಯೋ, ನಮ್ಮ ಕಡೆಯಾಕಿಯೋ?"

"ಎರಡೂ ಅಲ್ಲರಿ. ಮಾತು ದಾಟಿಸಾಕ ಬಂದೀನಿ."

ವೈಷ್ಣವಿ "ಆಂಟಿ, ಪ್ಲೀಸ್," ಎಂದು ಕಣ್ಣಲ್ಲೇ ಬೇಡಿಕೊಂಡಳು.

ಮಿಸೂಕ್ ಬೆನ್ನು ನೆಟ್ಟಗೆ ಮಾಡಿ ಕೇಳಿದಳು: ಹೋದ ತಿಂಗಳು ನನ್ನ ಮಗನ ಮನೆಗೆ ಬಂದಾಗ ಅಜ್ಜಿ ನೀರೂ ಮುಟ್ಟಲಿಲ್ಲ. ಯಾಕೆ?

"ಉಪವಾಸ ಇತ್ತು ಅಂತ ಹೇಳು," ಎಂದಳು ನಿಂಗವ್ವ ಥಟ್ಟನೆ. ಮತ್ತೆ ವಾಣಿಶ್ರೀಯ ಮುಖ ನೋಡಿ ದನಿ ತಗ್ಗಿಸಿದಳು. "ಸುಳ್ಳು ಯಾಕ ಹೇಳಲಿ. ಆ ಲೋಟದಾಗ ಮೊದಲ ಏನ ಕುಡದಿದ್ರೋ ಏನೋ. ಹೇಸಿಗಿ ಬಂತವ್ವಾ. ಹೆದರಿಕೀನೂ ಬಂತು. ನಮ್ಮ ಕೂಸಿಗೆ ಅಲ್ಲಿ ಏನೇನು ತಿನಸ್ತಾರೋ ಅಂತ."

ಉಪವಾಸ ಎಂದರೆ ಎಲ್ಲವೂ ತಣ್ಣಗಾಗುತ್ತಿತ್ತು. ಅತ್ತ ವೈಷ್ಣವಿಯ ಕಣ್ಣು, ಇತ್ತ ಮಿಸೂಕಳ ಕಣ್ಣು. ಕೊನೆಗೆ ವಾಣಿಶ್ರೀ ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ, ಇದ್ದದ್ದು ಇದ್ದಹಾಗೆ ಹೇಳಿದಳು.

ಮಿಸೂಕಳ ಕುತ್ತಿಗೆ ಕೆಂಪಾಯಿತು. ಅವಳೆಂದಳು: "ಹೇಳು. ಆ ದಿನ ಅಜ್ಜಿ ಕೊಟ್ಟ ಹಳದಿ ಉಂಡೆ, ನಾನೂ ತಿನ್ನಲಿಲ್ಲ. ಚೀಲದಲ್ಲಿ ಬಚ್ಚಿಟ್ಟೆ. ದಾರೀಲಿ ಎಸೆದೆ. ಹೆದರಿಕೆ."

ಕೇಳಿದ ನಿಂಗವ್ವನ ಬಾಯಿ ತೆರೆದೇ ಉಳಿಯಿತು. "ನನ್ನ ಬೇಸನ್ ಉಂಡಿ ಒಗದ್ಲಾ? ಅಯ್ಯ ಇಕೀನ!" ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗು ನಿಂತ ಮೇಲೆ ಅಜ್ಜಿಯ ಪ್ರಶ್ನೆ ಮೇಲೆ ಪ್ರಶ್ನೆ ಶುರುವಾದವು: ನಮ್ಮ ಕೂಸಿಗೆ ಹಂದಿ ಮಾಂಸ ಬೇಯಿಸು ಅಂತೀರೇನು? ಮಗು ಹುಟ್ಟಿದರೆ ಹೆಸರು ಯಾರು ಇಡೋದು? ಮಾಂಸವನ್ನು ವೈಷ್ಣವಿಯ ಅಡುಗೆಮನೆಗೆ ತರುವುದಿಲ್ಲ ಎಂದಳು ಮಿಸೂಕ್. ಹೆಸರಿನ ವಿಷಯದಲ್ಲಿ ಮಾತ್ರ ಇಬ್ಬರೂ ಸೋಲಲಿಲ್ಲ. ಅದು ಹಾಗೆಯೇ ಉಳಿಯಿತು. ಹೊರಡುವಾಗ ಅಜ್ಜಿ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಮಿಸೂಕ್ ಒಂದು ಕ್ಷಣ ಅದನ್ನೇ ದಿಟ್ಟಿಸಿ, ಮೂಗು ಮುರಿಯದೆ ಕುಡಿದು ಮುಗಿಸಿದಳು.

ಡಾಲಸ್ ಕಡೆಗೆ ಹ್ಯೇಜಿನ್ ಡ್ರೈವ್ ಮಾಡುತ್ತಿದ್ದಳು. ವಾಣಿಶ್ರೀಯ ಮನಸ್ಸಿನಲ್ಲಿ ಒಂದು ಮುಳ್ಳು ಇನ್ನೂ ಚುಚ್ಚುತ್ತಿತ್ತು. ಕೆಲಸವಂತೂ ಆಯಿತು. ಸೋಮವಾರ ಈಕೆ ಮತ್ತೆ ಕಿಟಕಿಯ ಬಳಿಗೆ ಹೋಗಿ ಕೂರುವಳೇನೋ?

"ಮೊದಲ ದಿನ ನೀನು ನನ್ನ ಪಕ್ಕ ಕೂತದ್ದು," ಎಂದು ಕೇಳಿಯೇ ಬಿಟ್ಟಳು, "ಇದಕ್ಕೆ ಮಾತ್ರಾನಾ?"

"ಹೌದು," ಎಂದಳು ಮಿಸೂಕ್, ಸಕ್ಕರೆ ಹಾಕದೆ. "ಮೊದಲ ದಿನ, ಹೌದು."

ಆ ಉತ್ತರದಿಂದ ವಾಣಿಶ್ರೀಗೆ ನೋವಾಯಿತು. ಆದರೆ ಅದನ್ನು ಅನುಮಾನಿಸುವ ಅಗತ್ಯ ಕಾಣಲಿಲ್ಲ.

"ಈಗ?"

"ಈಗ ಹಸಿವು," ಎಂದಳು ಮಿಸೂಕ್. "ನಿಂಗೆ?"

ವಾಣಿಶ್ರೀ ಫೋನ್ ತೆಗೆದು, ಇಬ್ಬರ ಎದುರಿಗೇ, ಗಂಡನಿಗೆ ಕನ್ನಡದಲ್ಲಿ ಹೇಳಿದಳು: "ಊಟಕ್ಕ ನನ್ನ ದಾರಿ ಕಾಯಬ್ಯಾಡ. ನಾನು ಗೆಳತ್ಯಾರ ಜೋಡಿ ಉಂಡು ಬರತೀನಿ."