ಕಾಟಲಿಂಗಪ್ಪನ ಸಾವು, ಕಲರ್‌ನಲ್ಲಿ

ಭರಮಸಾಗರದಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಕಾಟಲಿಂಗಪ್ಪ ಒಂದು ಸಿನಿಮಾದಲ್ಲಿ ಸತ್ತಿದ್ದ. ೧೯೫೫ರಲ್ಲಿ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಪಾಳೇಗಾರರ ಕಾಲದ ಕತೆಯೊಂದರ ಶೂಟಿಂಗ್ ನಡೆದಾಗ, ಸೈನಿಕರ ವೇಷಕ್ಕೆ ಸುತ್ತಲ ಊರುಗಳ ಗಟ್ಟಿ ಆಳುಗಳನ್ನು ಆರಿಸಿದ್ದರು. ಇವನು ಎದೆಗೆ ಈಟಿ ತಾಗಿಸಿಕೊಂಡು, "ಅಮ್ಮಾ" ಎಂದು ಬಂಡೆಯ ಮೇಲಿಂದ ಹುಲ್ಲಿನ ರಾಶಿಗೆ ಬಿದ್ದಿದ್ದ. ತೆರೆಯ ಮೇಲೆ ಆ ಸಾವು ಮೂರು ಸೆಕೆಂಡು ಇತ್ತು. ಅಂಗಡಿಯಲ್ಲಿ ಅದು ಇಪ್ಪತ್ತೊಂದು ವರ್ಷ ನಡೆಯಿತು. ಪಂಕ್ಚರ್ ಹಾಕಿಸಲು ಬಂದವರೆಲ್ಲ ಅದನ್ನು ಮೊದಲಿಂದ ಕೊನೆಯವರೆಗೆ ಕೇಳಲೇಬೇಕಿತ್ತು. ಎದ್ದು ಹೋಗೋಣವೆಂದರೆ ಚಕ್ರ ಅವನ ಕೈಯಲ್ಲಿರುತ್ತಿತ್ತು.

ಎಪ್ಪತ್ತಾರರಲ್ಲಿ ಒಂದು ಬೆಳಿಗ್ಗೆ, ದಿನಾ ಅಂಗಡಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಮುರುಗಪ್ಪ ಮೇಷ್ಟ್ರು ತಲೆಯೆತ್ತಿದರು.

"ನಿನ್ನ ಪಿಕ್ಚರ್‌ನ ಕಲರ್‌ನಾಗೆ ಮತ್ತೆ ತೆಗೀತಾರಂತೆ ಕಣಪ್ಪ. ಚಂದ್ರವಳ್ಳಿಗೇ ಬರ್ತಾರಂತೆ."

"ಯಾಕಂತೆ? ಹಳೇದೇನು ಹಳಸೋಗೈತಾ? ಅದೇನು ಅನ್ನ ಏನ್ರಿ?"

"ಅದ್ರಾಗೆ ಕಲರ್ ಇರಲಿಲ್ಲವಲ್ಲೋ."

"ನನ್ನ ರಕ್ತ ಕಪ್ಪಗೇ ಚೆನ್ನಾಗಿತ್ತು ಮೇಷ್ಟ್ರೇ! ಒಂದು ಸಲ ಸರಿಯಾಗಿ ತೆಗೆದಿದ್ದನ್ನ ಮುಟ್ಟಬಾರ್ದು. ನಾನು ಹೋಗಿ ನಿಲ್ಲಿಸ್ತೀನಿ."

ಇಸ್ತ್ರಿ ಮಾಡಿದ ಪಂಚೆ ಉಟ್ಟು, ಅಂಗಡಿ ಮುಚ್ಚಿ ಬಸ್ ಹತ್ತಿದ. ಚಂದ್ರವಳ್ಳಿಯಲ್ಲಿ ಕಪ್ಪು ಕನ್ನಡಕದ ಡೈರೆಕ್ಟರು ದೊಡ್ಡ ಛತ್ರಿಯ ಕೆಳಗೆ ಎಳನೀರು ಕುಡಿಯುತ್ತಿದ್ದರು.

"ಹಳೇ ಪಿಕ್ಚರ್ ಮತ್ತೆ ತೆಗೀಬಾರ್ದು ಅಂತ ಹೇಳಾಕೆ ಬಂದೀನಿ," ಎಂದ ಕಾಟಲಿಂಗಪ್ಪ.

"ನೀವು ಯಾರು?"

"ಅದ್ರಾಗೆ ಸತ್ತೋನು."

ಡೈರೆಕ್ಟರು ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗಾದ್ರೆ ಇದರಲ್ಲೂ ಸಾಯ್ತೀರಾ ಯಜಮಾನ್ರೆ?"

ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಅವನಿಗೆ ಮರೆತೇಹೋಯಿತು. "ಯಾವಾಗ?" ಎಂದ.

ಸೈನಿಕನ ಅಂಗಿ ಹೊಟ್ಟೆಯ ಹತ್ತಿರ ಕೂಡಲಿಲ್ಲ. ಹಿಂದೆ ಹಗ್ಗ ಬಿಗಿದು ಬಂಡೆ ಹತ್ತಿಸಿದರು. ಈಟಿ ತಾಗಿತು. ಕಾಟಲಿಂಗಪ್ಪ ಬೀಳಲಿಲ್ಲ. ಎದೆ ಹಿಡಿದುಕೊಂಡ. ಆಕಾಶ ನೋಡಿದ. ಅಮ್ಮನನ್ನು ಕರೆದ, ಆಮೇಲೆ ಮನೆದೇವರನ್ನು ಕರೆದ. ಮೊಣಕಾಲೂರಿ ಕೂತವನು, ಇನ್ನೇನು ಹೋದ ಎನ್ನುವಾಗ ಮತ್ತೆ ಎದ್ದು ನಿಂತ.

"ಕಟ್! ಯಜಮಾನ್ರೆ, ಬೇಗ ಸಾಯಿರಿ. ಹಿಂದೆ ಯುದ್ಧವೇ ಮುಗಿದುಹೋಗ್ತಿದೆ."

"ಈಗಿನೋರಿಗೆ ತಾಳ್ಮೆ ಇಲ್ಲ ಬಿಡ್ರಿ," ಎಂದು ಅವನು ಇನ್ನೂ ಎರಡು ಸಲ ಅಷ್ಟೇ ನಿಧಾನವಾಗಿ ಸತ್ತ. ನಾಲ್ಕನೆಯ ಸಲ ಸೊಂಟ ಹಿಡಿದುಕೊಂಡಿತು. ಇಬ್ಬರು ಅವನನ್ನು ಇಳಿಸಿ, ಅಂಗಿ ಬಿಚ್ಚಿ, ಮುಲಾಮು ತಿಕ್ಕಿ, ಪಂಚೆ ಉಡಿಸಿ ಪಕ್ಕದ ಕಲ್ಲಿನ ಮೇಲೆ ಕೂರಿಸಿದರು.

ಮದರಾಸಿನಿಂದ ಬಂದಿದ್ದ ಸ್ಟಂಟಿನವನೊಬ್ಬ ಅದೇ ಅಂಗಿ ತೊಟ್ಟು ಬಂಡೆ ಹತ್ತಿದ. ಈಟಿ ತಾಗಿದ ಕೂಡಲೇ ಜೋಳದ ಮೂಟೆಯ ಹಾಗೆ ದೊಪ್ಪನೆ ಬಿದ್ದ. ಅಮ್ಮನನ್ನೂ ಕರೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಕಾಟಲಿಂಗಪ್ಪ ತನ್ನದೆಂದು ಕಾಪಾಡಿಕೊಂಡಿದ್ದ ಸಾವನ್ನು ಯಾರೋ ಒಬ್ಬ ಒಂದೇ ಕ್ಷಣದಲ್ಲಿ, ಅದೂ ಇಷ್ಟು ಕೆಟ್ಟದಾಗಿ, ಸತ್ತು ಮುಗಿಸಿದ್ದ. ಕಾಟಲಿಂಗಪ್ಪ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಗಳಗಳ ಅತ್ತ. ಡೈರೆಕ್ಟರು ಕ್ಯಾಮೆರಾದವನಿಗೆ ಸನ್ನೆ ಮಾಡಿದ್ದು ಅವನಿಗೆ ಕಾಣಲಿಲ್ಲ.

ಮರುವರ್ಷ ಆ ಚಿತ್ರ ದುರ್ಗದ ಟಾಕೀಸಿಗೆ ಬಂದಾಗ ಮೇಷ್ಟ್ರು, ಕಾಟಲಿಂಗಪ್ಪ, ಅವನ ಹೆಂಡತಿ ಬರಗೇರಮ್ಮ ಮೂವರೂ ಮ್ಯಾಟಿನಿಗೆ ಹೋದರು. ಪಾಳೇಗಾರನಿಗೆ ಕೆನ್ನೆಯವರೆಗೆ ಕೃದಾ ಬಿಟ್ಟಿದ್ದರು. ಗುಹೆಯೊಳಗೆ ಡ್ಯಾನ್ಸಿತ್ತು. ಕಾಟಲಿಂಗಪ್ಪ ಪ್ರತಿ ಸೀನಿಗೂ "ಥೂ" ಎನ್ನುತ್ತಿದ್ದ. ಯುದ್ಧ ಬಂತು, ಸ್ಟಂಟಿನವನು ದೊಪ್ಪನೆ ಬಿದ್ದ. ಆಮೇಲೆ ತೆರೆ ತುಂಬ ಒಬ್ಬ ಮುದುಕನ ಮುಖ, ಮಗನನ್ನು ಕಳೆದುಕೊಂಡವನ ಹಾಗೆ ಅಳುವ ಮುಖ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು.

ಬರಗೇರಮ್ಮ ಅವನ ತೋಳು ಹಿಡಿದಳು. "ಅಯ್ಯೋ, ನೀವೇ!"

"ಹಳೇದ್ರಾಗೂ ನಾನೇ ಇದ್ನಲ್ಲೇ."

"ಅದ್ರಾಗೆ ಆರೇಳು ಜನ ಬಿದ್ರು. ನೀವ್ಯಾರು ಅಂತ ನಂಗೆ ಒಂದಿನಾನೂ ಗೊತ್ತಾಗ್ಲಿಲ್ಲ. ಅಗೋ ನಾನು ಅಂತ ನೀವು ತಿವಿದಾಗೆಲ್ಲ ಹೂಂ ಅಂದಿದ್ದೆ ಅಷ್ಟೆ."

ಅವನಿಗೆ ಸಿಟ್ಟು ಬರಬೇಕಿತ್ತು. ಆದರೆ ಅವಳ ಕಣ್ಣಲ್ಲಿ ನೀರಿತ್ತು, ಇನ್ನೂ ತೋಳು ಬಿಟ್ಟಿರಲಿಲ್ಲ.

ಹೊರಗೆ ಬಂದಾಗ ಮೇಷ್ಟ್ರು ಕೆಣಕಿದರು. "ಏನಪ್ಪ, ಹಳೇ ಪಿಕ್ಚರ್ ಮತ್ತೆ ತೆಗೀಬಹುದಾ?"

"ತೆಗೀಬಾರ್ದು," ಎಂದ ಕಾಟಲಿಂಗಪ್ಪ. "ಹಾಳು ಮಾಡಿಟ್ಟವ್ರೆ. ನಡೀರಿ, ಬಸ್ಸಿಗೆ ಹೋಗಾಣ."

ತಿರುಗಿ ನೋಡಿದರೆ ಬರಗೇರಮ್ಮ ಜೊತೆಗಿರಲಿಲ್ಲ. ಮುಂದಿನ ಆಟದ ಹೆಂಗಸರ ಸಾಲಿನಲ್ಲಿ ನಿಂತು, ಪಕ್ಕದವಳಿಗೆ ಕೈ ಮಾಡಿ ಇವನನ್ನೇ ತೋರಿಸುತ್ತಿದ್ದಳು. ಕಾಟಲಿಂಗಪ್ಪ ಮೇಷ್ಟ್ರನ್ನು ಒಬ್ಬರನ್ನೇ ಬಸ್ಸಿಗೆ ಕಳಿಸಿ, ತಲೆಗೂದಲು ನೀವಿಕೊಂಡು, ಅವಳ ಕಡೆ ನಡೆದ.