ಗುಟುಕು ನೀರು

ಕತ್ತರಿಸಿದ ಲಿವರ್ ತಿರುಗಿ ಬೆಳೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದಂದಿನಿಂದ ನೀಲಾಂಬಿಕಳಿಗೆ ಒಂದೇ ಕನಸು: ಮಗಳು ಶರಣ್ಯಳ ಹೊಟ್ಟೆಯೊಳಗೆ ಯಾರೋ ಸಸಿಮಡಿ ಹಾಕಿದ್ದಾರೆ, ಎಳೆಯ ಪೈರು ತೂಗುತ್ತಿದೆ. ಆಪರೇಶನ್ನಿನಲ್ಲಿ ಗಡ್ಡೆಯ ಜೊತೆಗೆ ಅರ್ಧ ಲಿವರ್ ಹೋಗಿತ್ತು. ಉಳಿದರ್ಧ ಬೆಳೆದರೆ ಮಗಳು ಉಳಿದಾಳು.

ಸೊರಬದ ಗಂಡನ ಮನೆಯಿಂದ ಅವಳನ್ನು ಶಿಕಾರಿಪುರದ ತವರಿಗೆ ಕರೆತಂದು ಬಾಣಂತಿಯ ಹಾಗೆ ನೋಡಿಕೊಂಡಳು. ಹಸಿಮೈ ಅಂದಮೇಲೆ ಹೆರಿಗೆಯಾದರೇನು, ಆಪರೇಶನ್ ಆದರೇನು? ಕಿವಿಗೆ ಹತ್ತಿ, ಬೆಳ್ಳುಳ್ಳಿ ಸಾರು, ಮೆತ್ತನೆಯ ಅನ್ನ. ನೀರು ಮಾತ್ರ ಗುಟುಕು ಗುಟುಕು. ಹೆಚ್ಚು ಕುಡಿದರೆ ಗಾಯ ಮಾಯುವುದಿಲ್ಲ ಎಂದು ತನ್ನ ಬಾಣಂತನದಲ್ಲಿ ಅತ್ತೆ ಕಲಿಸಿದ್ದು.

"ಅವ್ವಾ, ನಾಲಿಗೆ ಕಾದ ಹಂಚಾಗೈತೆ."

"ತಡ್ಕೋ ಕೂಸೇ. ನಿನ್ನ ಹೆತ್ತಾಗ ನಾನು ತಡ್ಕೊಂಡಿಲ್ಲೇನು?"

"ನಾನೇನು ಹೆತ್ತೀನಿ? ತೊಟ್ಟಿಲು ತೋರ್ಸು ಮತ್ತೆ!"

ಇಬ್ಬರೂ ನಕ್ಕರು. ಶರಣ್ಯಳ ಒಣತುಟಿ ಬಿರಿಯಿತು.

ಶಿವಮೊಗ್ಗದ ಆಸ್ಪತ್ರೆಯ ಸ್ಕ್ಯಾನ್ ಕೋಣೆ ಅರೆಗತ್ತಲು. ಶರಣ್ಯಳ ಹೊಟ್ಟೆಗೆ ಒತ್ತಿದ ಯಂತ್ರದಿಂದ ರಕ್ತ ಹರಿಯುವ ಸದ್ದು ಕೇಳಿಸಿತು. ಅಂಬ್ಲಿಗೊಳದ ಕಾಲುವೆಯ ಕೊನೇ ಗದ್ದೆಗೆ ಬರುವ ನೀರಿನಂತೆ, ಇದೆಯೋ ಇಲ್ಲವೋ ಎಂಬಂತೆ.

"ಬೆಳೆದದ್ದು ಕಡಿಮೆ," ಎಂದರು ಡಾಕ್ಟರಮ್ಮ. "ರಕ್ತನಾಳ ಕಟ್ಟಿಕೊಂಡಿಲ್ಲ, ಪುಣ್ಯ. ಆದ್ರೆ ಲಿವರಿಗೆ ರಕ್ತ ಸಾಲ್ತಿಲ್ಲ. ಮೈಯಲ್ಲಿ ನೀರೇ ಇಲ್ವಲ್ಲ! ಕುಡಿಯೋದಿಲ್ವೇನಮ್ಮ?"

ಶರಣ್ಯ ಛಾವಣಿ ನೋಡಿದಳು. "ನಂಗೇ ಸೇರಲ್ಲ ಮೇಡಂ."

ಆ ಸುಳ್ಳು ನೀಲಾಂಬಿಕಳ ಕರುಳಿಗೆ ನಾಟಿತು. "ಇಲ್ಲ ರೀ, ನಾನೇ ಕೊಡ್ಲಿಲ್ಲ. ಬಾಣಂತಿ ಪಥ್ಯ ಮಾಡ್ಸಿದೆ."

ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. "ಬಾಣಂತಿಗೂ ನೀರು ಬೇಕು ರೀ. ಇವತ್ತು ಡ್ರಿಪ್ ಹಾಕೋಣ. ಮನೇಲಿ ಕೇಳ್ದಾಗೆಲ್ಲ ಕೊಡಿ. ವಾರ ಬಿಟ್ಟು ನೋಡೋಣ."

ಆ ವಾರ ಮಂಚದ ಪಕ್ಕದ ಚೊಂಬು ಬರಿದಾಗಲಿಲ್ಲ. ರೊಟ್ಟಿ ಬಡಿಯುತ್ತ, ಬಟ್ಟೆ ಹಿಂಡುತ್ತ, ನೀಲಾಂಬಿಕ ನಡುನಡುವೆ ಎದ್ದುಬಂದು ಕುಡಿಸಿದಳು.

"ಸಾಕವ್ವಾ, ಹೊಟ್ಟೆ ಕೆರೆ ಆಗೈತೆ!"

ಮತ್ತೆ ಸ್ಕ್ಯಾನ್ ಕೋಣೆಯ ಅದೇ ಅರೆಗತ್ತಲು. ನೀಲಾಂಬಿಕ ಕಣ್ಣು ಮುಚ್ಚಿದಳು. ತೂಬು ಎತ್ತಿದಂತೆ ಸದ್ದು ಬಂತು, ಜುಳು ಜುಳು ಅಲ್ಲ, ಭೋರೆಂದು. ಕನಸಿನ ಪೈರಿಗೆ ಬುಡತನಕ ನೀರು ಹತ್ತಿತು.

"ಚಿಗುರ್ತಿದೆ," ಎಂದರು ಡಾಕ್ಟರಮ್ಮ.

ಹೊರಗೆ ಬೆಂಚಿನ ಮೇಲೆ ಶರಣ್ಯ ಬಾಟಲಿಯ ಮುಚ್ಚಳ ತೆಗೆದು ಅವ್ವನ ಕಡೆ ಚಾಚಿದಳು.

"ನೀನೂ ಕುಡಿ. ಬೆಳಿಗ್ಗೆಯಿಂದ ನಿನ್ನ ಗಂಟಲಲ್ಲಿ ಒಂದು ಗುಟುಕೂ ಇಳಿದಿಲ್ಲ."