ನೂರ ಹನ್ನೆರಡನೇ ಪ್ರಶ್ನೆ

ಅಮೀರ್‌ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ಸರ್ಟಿಫಿಕೇಟ್ ಪರೀಕ್ಷೆಗಳ ಕದ್ದ ಪ್ರಶ್ನೋತ್ತರಗಳನ್ನು ಹದಿನೆಂಟು ವರ್ಷ ಪ್ರತಿ ಮಾಡಿ ಮಾರಿದ್ದೇನೆ. ಇಲ್ಲಿ ಅದನ್ನು ಡಂಪು ಎನ್ನುತ್ತಾರೆ. ತಪ್ಪೇ, ಇಲ್ಲ ಎನ್ನುವುದಿಲ್ಲ. ಆದರೆ ಅಕ್ಕನ ಮಗಳು ಸ್ವರೂಪ ನೆಟ್‌ವರ್ಕ್ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾಗಿ ಬಂದು ನನ್ನ ಮೆಷಿನ್ನಿನ ಹಿಂದೆ ಮುಖ ಮುಚ್ಚಿಕೊಂಡು ಕುಳಿತ ದಿನ ಮೆಷಿನ್ನು ನಿಲ್ಲಿಸಿ ಅವಳನ್ನು ಬೈದೆ.

ಅವಳು ವಾರಂಗಲ್‌ನಲ್ಲಿ ಒಂದು ಕೇಬಲ್ ಇಂಟರ್‌ನೆಟ್ ಆಫೀಸನ್ನು ಆರು ವರ್ಷ ಒಬ್ಬಳೇ ನಡೆಸಿದವಳು, ಕಂಬ ಹತ್ತಿ ವೈರು ಎಳೆದವಳು. ಆ ಆಫೀಸು ಮುಚ್ಚಿತು. ಮಾದಾಪುರದ ಕಂಪನಿಯೊಂದರಲ್ಲಿ ಅಂಥದೇ ಕೆಲಸ ಖಾಲಿಯಿತ್ತು. ಸರ್ಟಿಫಿಕೇಟ್ ಇಲ್ಲದವರನ್ನು ಗೇಟಿನಿಂದಲೇ ಕಳಿಸುತ್ತಿದ್ದರು.

“ಡಂಪು ಓದೇ ಅಂದ್ರೆ ಕೇಳಲ್ಲ ನೀನು!”

“ಕದ್ದಿದ್ದು ಬೇಡ ಮಾವ. ಆ ಪ್ರಶ್ನೆಗಳೋ! ಯಾವ ಆಫೀಸು, ಎಷ್ಟು ಜನ, ಒಂದೂ ಹೇಳಲ್ಲ. ಯೋಚನೆ ಮಾಡ್ತಾ ಕೂತೆ, ಟೈಮ್ ಮುಗೀತು.”

“ಯೋಚನೆ ಮಾಡು ಅಂತ ಯಾರ್ ಹೇಳಿದ್ರು? ನಾನ್ ಬರೆದ್ರೂ ಪಾಸಾಗ್ತೀನಿ ಕಣೇ.”

“ಬರೀ ನೋಡೋಣ!”

ಬಿಡುತ್ತೇನೆಯೇ? ಐವತ್ತೆರಡನೇ ವಯಸ್ಸಿನಲ್ಲಿ, ಹತ್ತನೇ ಕ್ಲಾಸು ದಾಟದ ಈ ಚೆನ್ನಕೇಶವುಲು ಅದೇ ಪರೀಕ್ಷೆಗೆ ಕುಳಿತ. ಅರ್ಥ ಒಂದೂ ತಿಳಿಯಲಿಲ್ಲ. ಆದರೆ ಸಾವಿರ ಸಲ ಪ್ರತಿ ತೆಗೆದ ಸಾಲುಗಳಲ್ಲವೇ, ಮದುವೆಮನೆಯಲ್ಲಿ ನೆಂಟರ ಮುಖ ಕಂಡಂತೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದರ ಗುರುತು ಸಿಗುತ್ತಿತ್ತು. ನೂರಕ್ಕೆ ತೊಂಬತ್ತೊಂದು!

ಮರುವಾರ ಸರ್ಟಿಫಿಕೇಟ್ ಹಿಡಿದು, ಇಸ್ತ್ರಿ ಶರ್ಟು ತೊಟ್ಟು, ಸ್ವರೂಪಳನ್ನು ಎಳೆದುಕೊಂಡು ಮಾದಾಪುರಕ್ಕೆ ಹೋದೆ. ಗೇಟು ತೆರೆಯಿತು. ಅವಳನ್ನು ಹೊರಗೆ ಕೂರಿಸಿ ನಾನು ಒಳಗೆ ಹೋದೆ. ಕೆಲಸಕ್ಕೆ ಆರಿಸುವ ಫಿರ್ದೌಸ್ ಮೇಡಂ ಅಂದು ಸಿಡುಕುತ್ತಿದ್ದರು.

“ಬೆಳಗ್ಗೆಯಿಂದ ಈ ಮಹಡೀಲಿ ನೆಟ್‌ವರ್ಕ್ ಇಲ್ಲ. ಸರ್ಟಿಫಿಕೇಟ್ ಇರೋ ನಾಲ್ಕು ಜನ ಹುಡುಕ್ತಾನೇ ಇದಾರೆ. ಏನಾಗಿರಬಹುದು, ಹೇಳಿ?”

“ನಾಲ್ಕು ಉತ್ತರ ಕೊಡಿ ಮೇಡಂ, ಸರಿಯಾದ್ದು ತೋರಿಸ್ತೀನಿ.”

ಅವರು ನನ್ನನ್ನೇ ದಿಟ್ಟಿಸಿದರು. ನಾನು ಎಲ್ಲ ಒಪ್ಪಿಕೊಂಡೆ: ಅಂಗಡಿ, ಡಂಪು, ಹದಿನೆಂಟು ವರ್ಷ. “ನನ್ನ ಹತ್ರ ಕಾಗದ ಇದೆ, ತಲೆ ಇಲ್ಲ. ತಲೆ ಇರೋಳು ಆಚೆ ಕೂತಿದಾಳೆ, ಅವಳ ಹತ್ರ ಕಾಗದ ಇಲ್ಲ. ಒಂದೇ ಸಲ ಒಳಗೆ ಬಿಡಿ ತಾಯಿ.”

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳನ್ನು ಕರೆಸಿದರು.

ಸ್ವರೂಪ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. “ನಿನ್ನೆ ಸಂಜೆ ಇಲ್ಲಿ ಯಾರಾದ್ರೂ ಏನಾದ್ರೂ ಸರಿಸಿದ್ರಾ?” ಎಂದು ಕೇಳಿದಳು.

ಕಸ ಗುಡಿಸುವ ಯಾದಮ್ಮ ಮುಂದೆ ಬಂದಳು. “ಸರಿಸಲಿಲ್ಲಮ್ಮ. ಒಂದು ವೈರು ನೇತಾಡ್ತಿತ್ತು. ಕಾಲಿಗೆ ಸಿಕ್ಕೀತು ಅಂತ ಅಲ್ಲೇ ಒಂದು ತೂತಿಗೆ ಸಿಕ್ಕಿಸಿದೆ.”

ಸ್ವರೂಪ ಮೇಜಿನ ಕೆಳಗೆ ನುಗ್ಗಿದಳು. ಒಂದು ನೀಲಿ ವೈರಿನ ಎರಡು ತುದಿಗಳೂ ನೆಟ್‌ವರ್ಕಿನ ಒಂದೇ ಪೆಟ್ಟಿಗೆಯಲ್ಲಿದ್ದವು. ಅದರಿಂದ ಹೋದ ಸಂದೇಶವೆಲ್ಲ ತಿರುಗಿ ಅಲ್ಲಿಗೇ ಬಂದು ಗಿರಕಿ ಹೊಡೆಯುತ್ತಿತ್ತು. ಅವಳು ವೈರು ಕಿತ್ತಳು. ಸ್ವಲ್ಪ ಹೊತ್ತಿಗೆ ಮಹಡಿಯೆಲ್ಲ “ಬಂತು! ಬಂತು!” ಎಂಬ ಕೂಗು.

“ಡಂಪಿನ ನೂರ ಹನ್ನೆರಡನೇ ಪ್ರಶ್ನೆ!” ಎಂದು ಕಿರುಚಿದೆ. “ಇದರ ಉತ್ತರ ನಂಗೊತ್ತು ಮೇಡಂ!”

“ಈ ನಾಲ್ಕು ಜನಕ್ಕೂ ಗೊತ್ತಿತ್ತು. ಬಗ್ಗಿ ನೋಡಿದೋಳು ಇವಳೊಬ್ಬಳೇ,” ಎಂದರು ಮೇಡಂ. “ಸೋಮವಾರದಿಂದ ಬಾಮ್ಮ. ಫೈಲಿಗೆ ಆ ಕಾಗದ ಬೇಕೇ ಬೇಕು, ಆರು ತಿಂಗಳಲ್ಲಿ ಪಾಸ್ ಮಾಡ್ಕೋ.”

ಸ್ವರೂಪ ಅಲ್ಲೇ, ಎಲ್ಲರ ಮುಂದೆ, ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಏನೀಗ?

ಡಂಪು ಮಾರುವುದನ್ನು ಅಂದೇ ಬಿಟ್ಟೆ. ನಾಲ್ಕನೇ ತಿಂಗಳು ಅವಳು ಡಂಪು ಮುಟ್ಟದೆಯೇ ಪಾಸಾದಳು, ಎಪ್ಪತ್ತನಾಲ್ಕು. ನನಗಿಂತ ಹದಿನೇಳು ಕಡಿಮೆ. ಮನೆಯ ಇಂಟರ್‌ನೆಟ್ ಕೆಟ್ಟಾಗಲೆಲ್ಲ ಆ ಹದಿನೇಳನ್ನು ಹೇಳಿ ರೇಗಿಸುತ್ತೇನೆ, ಅವಳು ಅದನ್ನು ಸರಿಮಾಡಿ ಮುಗಿಸುವವರೆಗೆ.